ಮೂರನೆಯ ಹೆಸರು

ದೊಡ್ಡಬಳ್ಳಾಪುರದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ರೋಗಿಗಳ ಫೈಲು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಯಾರೇ ಬಂದು ಇನ್ನೊಬ್ಬರ ಫೈಲು ಕೇಳಲಿ, ಕನ್ನಡಕವನ್ನು ಹಣೆಗೇರಿಸಿ, "ಅವರು ನಿಮಗೇನಾಗ್ಬೇಕು?" ಎನ್ನುತ್ತಿದ್ದರು. ಡಾಕ್ಟರ ಹೆಂಡತಿಗೂ ಅದೇ ಪ್ರಶ್ನೆ.

ಆ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ತರುವ ಕೆಲಸ ನನ್ನದಾಗಿತ್ತು. ಲಾಗಿನ್ ಆದ ನರ್ಸಿಗೆ ತನ್ನ ವಾರ್ಡಿನ ರೋಗಿಗಳಷ್ಟೇ ಕಾಣಬೇಕು. ಹಾಗೇ ಮಾಡಿ, ಒಬ್ಬ ನರ್ಸಿನ ಲಾಗಿನ್ ತೆರೆದು, ಬೀಗುತ್ತಾ ತೋರಿಸಿದೆ. ಅವರು ಒಂದೊಂದೇ ಅಕ್ಷರ ಒತ್ತಿ 'ರಾಜಘಟ್ಟ' ಎಂದು ಪಕ್ಕದ ಊರಿನ ಹೆಸರು ಹಾಕಿ ಹುಡುಕಿದರು. ಎರಡು ಹೆಸರು ಬಂದವು. ಅವರ ಬೆರಳು ಪರದೆಯ ತಳಕ್ಕೆ ಇಳಿಯಿತು.

"ಮೇಲೆ ಇಬ್ಬರೇ ಇದ್ದಾರೆ. ಕೆಳಗೆ ಒಟ್ಟು ಮೂರು ಅಂತಿದೆಯಲ್ಲಪ್ಪಾ?"

"ಮೂರನೇದು ಬೇರೆ ವಾರ್ಡಿಂದು, ಹೆಸರು ಕಾಣಲ್ವಲ್ಲ ಮೇಡಂ. ಅದು ಬರೀ ಸಂಖ್ಯೆ."

"ಈ ನರ್ಸೂ ರಾಜಘಟ್ಟದೋಳೇ ಕಣಪ್ಪಾ. ಇನ್ನೊಬ್ಬರು ಯಾರು ಅಂತ ಸಂಜೆಯೊಳಗೆ ಊರೇ ಪತ್ತೆ ಹಚ್ಚಿಬಿಡುತ್ತೆ. ಗುಟ್ಟಾಗಿ ಬಂದೋರು ಆಮೇಲೆ ಮಾತ್ರೆಗೂ ಬರಲ್ಲ."

ಪಟ್ಟಿಯನ್ನು ವಾರ್ಡಿಗೆ ತಕ್ಕಂತೆ ಸೋಸಿದ್ದೆ, ಒಟ್ಟು ಸಂಖ್ಯೆಯನ್ನು ಸೋಸಲು ಮರೆತಿದ್ದೆ. ಅವತ್ತೇ ಮೊದಲ ಸಲ ಕಂಪ್ಯೂಟರ್ ಮುಟ್ಟಿದವರು ಅದನ್ನು ಒಂದೇ ನೋಟಕ್ಕೆ ಹಿಡಿದಿದ್ದರು!

ಅಲ್ಲೇ ಕೂತು ಸರಿಮಾಡಿದೆ. ಮತ್ತೆ ಹುಡುಕಿದಾಗ ಮೇಲೆ ಎರಡು ಹೆಸರು, ಕೆಳಗೂ ಎರಡೇ. ಅವರ ಮುಖ ಸಡಿಲವಾಯಿತು. ನನಗೆ ಮಾತ್ರ ತಡೆಯಲಾಗಲಿಲ್ಲ.

"ಅಂದಹಾಗೆ, ಆ ಮೂರನೆಯವರು ಯಾರು ಮೇಡಂ?"

ಕನ್ನಡಕ ನಿಧಾನವಾಗಿ ಹಣೆಗೇರಿತು.