ಗೀಸರ್ ಒಲೆಯ ಪಕ್ಕದ ಮದ್ದಳೆ

ದುಬೈಯಲ್ಲಿ ಬೆಂಕಿ ಹಾಕಿ ಚಳಿ ಕಾಯಿಸಿಕೊಂಡೆವು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅದರಲ್ಲೂ ನಾನು ಹೇಳಿದರೆ ಮುಗಿಯಿತು. ಕಂಡಕಂಡವರ ದನಿ ತೆಗೆದು ಗೇಲಿ ಮಾಡುತ್ತ ಬಂದವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ನನ್ನ ಪದವಿ ಎರಡನೇ ದರ್ಜೆ, ಮಿಮಿಕ್ರಿ ಮೊದಲ ದರ್ಜೆ. ಮನುಷ್ಯರ ದನಿ ಮುಗಿದರೆ ಚೆಂಡೆ ಮದ್ದಳೆಗಳನ್ನೂ ಬಾಯಲ್ಲೇ ಬಾರಿಸುತ್ತಿದ್ದೆ. ಆದರೆ ಸೋದರಮಾವನ ಶೆಡ್ಡಿನಲ್ಲಿ ಒಲೆ ಉರಿದದ್ದು ಮಾತ್ರ ನಿಜ.

ತೊಂಬತ್ತರ ದಶಕದ ಕೊನೆ. ನಾನು ಜೆಬೆಲ್ ಅಲಿಯ ಒಂದು ಗೋದಾಮಿನ ಆಫೀಸಿನಲ್ಲಿದ್ದೆ. ಇದ್ದದ್ದು ಮಾವ ಮತ್ತು ಅತ್ತೆಯ ಜೊತೆ, ರಾಶಿದಿಯಾದ ಹಳೆಯ ವಿಲ್ಲಾವೊಂದರ ಹಿಂದಿನ ಎರಡು ಕೋಣೆಗಳಲ್ಲಿ. ಮಾವ ರಾಸ್ ಅಲ್ ಖೋರಿನಲ್ಲಿ ಸ್ಟೋರ್ ಕೀಪರ್. ಸಂಜೆಯಾದರೆ ಹಿತ್ತಿಲಿನ ತಗಡಿನ ಶೆಡ್ಡಿಗೆ ಹೋಗಿ ಊರವರ ಚೆಂಡೆ, ಮದ್ದಳೆಗಳನ್ನು ರಿಪೇರಿ ಮಾಡುತ್ತಿದ್ದರು.

ಆ ಚಳಿಗಾಲ ಅವರ ಕೈಗೆ ಬಂದದ್ದು ಅತ್ತೆಯ ಅಪ್ಪನ ಮದ್ದಳೆ. ಆ ಅಜ್ಜ ಆಯುಷ್ಯವಿಡೀ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸಿದವರು. ಅವರು ಹೋದ ಮೇಲೆ ಅದು ಕಂಬಳಿ ಸುತ್ತಿಕೊಂಡು ದುಬೈಗೆ ಬಂತು. ಇಲ್ಲಿಯ ಬೇಸಿಗೆಗೆ ಅದರ ಬಲಮುಖದ ಚರ್ಮ ಸೀಳಿಹೋಯಿತು. ಮಾವ ಊರಿನಿಂದ ತರಿಸಿದ ಹೊಸ ಚರ್ಮ ಬಿಗಿದರು. ಉಳಿದದ್ದು ಕರ್ಣ, ಅಂದರೆ ಮುಖದ ನಡುವಿನ ಕಪ್ಪು ಬೊಟ್ಟು. ಅನ್ನವನ್ನೂ ಕಬ್ಬಿಣದ ಕಿಟ್ಟದ ಪುಡಿಯನ್ನೂ ಅರೆದು ತೆಳ್ಳಗೆ ಹಚ್ಚಬೇಕು, ಒಣಗಬೇಕು, ಅದರ ಮೇಲೆ ಮತ್ತೆ ಹಚ್ಚಬೇಕು. ಮಂಜು ಕವಿದ ಆ ದಿನಗಳಲ್ಲಿ ಶೆಡ್ಡಿನ ತಗಡೇ ಬೆವರುತ್ತಿತ್ತು. ಕರ್ಣ ಒಣಗುವುದು ಹೇಗೆ?

ಮನೆಯ ಮಾಲೀಕ ಮುದುಕ ಅರಬಿ ತಾರಸಿಯಿಂದ ಕೆಳಗಿಳಿಸಿ ಬಿಸಾಡಿದ್ದ ತುಕ್ಕುಹಿಡಿದ ಗೀಸರ್ ಮಾವನ ಕಣ್ಣಿಗೆ ಬಿತ್ತು. ರಾಸ್ ಅಲ್ ಖೋರಿನ ಪಠಾಣ್ ವೆಲ್ಡರ್ ಅದರ ಟ್ಯಾಂಕಿಗೆ ಒಂದು ಬಾಗಿಲು ಕೊರೆದು, ಕಾಲು ಕೂಡಿಸಿ, ಹೊಗೆಗೆ ಕೊಳವೆ ಬೆಸೆದು ಕೊಟ್ಟ. ಕೂಲಿ ಒಂದು ಗ್ಲಾಸ್ ಚಹಾ, ಜೊತೆಗೆ ಅವನ ಸೇಠ್‌ನ ದನಿಯಲ್ಲಿ ನಾನು ಅವನಿಗೇ ಬೈದದ್ದು. ಸೌದೆ ನನ್ನ ಗೋದಾಮಿನಲ್ಲಿ ಮುರಿದುಬಿದ್ದ ಪ್ಯಾಲೆಟ್‌ಗಳು. ಮಾವ ಒಂದೊಂದು ಹಲಗೆಯನ್ನೂ ಮೂಸಿ ನೋಡುತ್ತಿದ್ದರು. "ಬಣ್ಣ ಬಳಿದದ್ದು, ಮದ್ದು ಕುಡಿಸಿದ್ದು ಬೇಡ ಮಾರಾಯ, ಅದರ ಹೊಗೆ ವಿಷ." ಒಳ್ಳೆಯದನ್ನು ಬೆರಳಗಾತ್ರ ಸೀಳಿಡುತ್ತಿದ್ದರು. ಒಲೆಯ ಅಡಿಗೆ ಮರಳು, ಸುತ್ತ ಇಟ್ಟಿಗೆ. ಬೆಂಕಿ ಆರಿದರೂ ಇಟ್ಟಿಗೆ ಬಹಳ ಹೊತ್ತು ಬೆಚ್ಚಗಿರುತ್ತಿತ್ತು. ಉಸಿರು ಕಟ್ಟಬಾರದೆಂದು ಕಿಟಕಿ ಯಾವಾಗಲೂ ಒಂದು ಗೇಣು ತೆರೆದಿರುತ್ತಿತ್ತು.

ಅದೇ ಸಮಯಕ್ಕೆ ಅತ್ತೆಗೆ ಚಳಿ ಶುರುವಾಯಿತು. ಆಸ್ಪತ್ರೆಯಲ್ಲಿ ನರಕ್ಕೆ ಮದ್ದು ಏರಿಸಿಕೊಂಡು ಬಂದಾಗಲೆಲ್ಲ ಮೂಳೆಯೊಳಗಿಂದ ನಡುಗುತ್ತಿದ್ದರು. ತಲೆಗೂದಲು ಹೋಗಿ ಮಫ್ಲರ್ ಬಂದಿತ್ತು. ಕೋಣೆಯಲ್ಲಿ ಕರೆಂಟಿನ ಹೀಟರ್ ಹಾಕಿದರೆ ಇಡೀ ವಿಲ್ಲಾದ ಫ್ಯೂಸ್ ಹಾರುತ್ತಿತ್ತು, "ಹೀಟರ್ ಮಾಫಿ!", ಅಂದರೆ ಹೀಟರ್ ಕೂಡದು, ಎಂದು ಮಾಲೀಕನ ಅಪ್ಪಣೆಯಾಗಿತ್ತು. ಹಾಗಾಗಿ ಅತ್ತೆ ಶೆಡ್ಡಿಗೆ ಬಂದು ಒಲೆಯ ಎದುರು ಕುರ್ಚಿ ಹಾಕಿಕೊಂಡರು.

"ಬಾ ಮಾಣಿ, ಇವತ್ತು ಯಾರ ಮಾನ ಕಳೀತಿ?"

ನಾನು ನನ್ನ ಮ್ಯಾನೇಜರನ ಮಾನ ಕಳೆಯುತ್ತಿದ್ದೆ. ಅದು ಸಾಲದಿದ್ದರೆ ಮ್ಯಾನೇಜರನ ಮುಂದೆ "ಯೆಸ್ ಸರ್" ಎಂದು ಬಾಲ ಅಲ್ಲಾಡಿಸುವ ನನ್ನದೇ ಮಾನ. ಅತ್ತೆ ಹೆಚ್ಚು ನಗುತ್ತಿದ್ದದ್ದು ಎರಡನೆಯದಕ್ಕೆ.

ಒಂದು ಸಂಜೆ ಹೊಗೆ ಕಂಡು ಮಾಲೀಕ ಓಡಿ ಬಂದ. "ಯೇ ಕ್ಯಾ ಹೈ? ಆಗ್ ಮಾಫಿ! ಖಲಾಸ್!" ಎಂದು ಕೂಗುತ್ತ ಬಾಗಿಲು ತಳ್ಳಿದವನಿಗೆ ಎದುರಾದದ್ದು ಶಾಲು ಹೊದ್ದು ಕೂತ ಅತ್ತೆ. ಅವನು ತಲೆ ತಗ್ಗಿಸಿ ಹಿಂದೆ ಸರಿದ. ಮರುದಿನ ನಮ್ಮ ಬಾಗಿಲಲ್ಲಿ ಒಣಗಿದ ಮರದ ಗೆಲ್ಲುಗಳ ರಾಶಿ ಬಿದ್ದಿತ್ತು. ಅವನ ದನಿಯನ್ನು ಆಮೇಲೂ ತೆಗೆದೆ, ಆದರೆ ಸ್ವಲ್ಪ ಮೆತ್ತಗೆ.

ಸೌದೆಯೇನೋ ಆಯಿತು, ಕರ್ಣ ಬಿರುಕು ಬಿಟ್ಟಿತು. ಮಾವ ಅದನ್ನು ಕೆರೆದು ಮೊದಲಿನಿಂದ ಹಚ್ಚಿದರು. ಮತ್ತೆ ಬಿರುಕು. "ಚರ್ಮವೇ ಸರಿ ಇಲ್ಲ" ಎಂದರು. ಸುಳ್ಳು. ಕರ್ಣಕ್ಕೆ ಬೇಕಾದದ್ದು ಬೂದಿ ಮುಚ್ಚಿದ ಕೆಂಡದ ಉಗುರುಬೆಚ್ಚಗಿನ ಕಾವು. ಅತ್ತೆಗೆ ಬೇಕಾದದ್ದು ಧಗಧಗ ಬೆಂಕಿ. ಇದ್ದದ್ದು ಒಂದೇ ಒಲೆ. ಶೆಡ್ಡಿಗೆ ಮೂಲೆ ನಾಲ್ಕಿದ್ದರೂ ಒಲೆಯಿಂದ ದೂರದ ಮೂಲೆ ಒಂದೂ ಇರಲಿಲ್ಲ. ಮದ್ದಳೆಯನ್ನು ಕೋಣೆಗೊಯ್ದರೆ ಬೂಸ್ಟು ಹಿಡಿಯುತ್ತಿತ್ತು. ಆ ಮದ್ದಳೆಯ ನಾದವನ್ನು ಅತ್ತೆಗೆ ಒಮ್ಮೆ ಕೇಳಿಸಬೇಕೆಂದೇ ಮಾವ ಕೂತದ್ದು. ಆದರೆ ಅತ್ತೆ ನಡುಗಿದಾಗಲೆಲ್ಲ ಮಾವ ತಾವೇ ಎದ್ದು ಇನ್ನೊಂದು ಸೀಳು ಒಳಗೆ ತಳ್ಳುತ್ತಿದ್ದರು.

ಮದ್ದಳೆಗಾರನ ಮಗಳಿಗೆ ಅದು ತಿಳಿಯದೆ ಹೋಗುತ್ತದೆಯೇ? ಒಂದು ಶುಕ್ರವಾರ ನೆಲ ಗುಡಿಸುತ್ತಿದ್ದ ಅತ್ತೆ ಕಪ್ಪು ಚಕ್ಕೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲ ಬಳಿ ಕೂತರು.

"ಅಲ್ಲಿ ಎಂತ ಮಾಡ್ತಿ ಮಾರಾಯ್ತಿ?" ಎಂದರು ಮಾವ.

"ನಂಗೆ ಸೆಕೆ ಆಗ್ತದೆ."

"ಸೆಕೆಯಾ? ಈ ಚಳಿಯಲ್ಲಿ? ಮಾಣಿ, ಇನ್ನೆರಡು ತುಂಡು ಹಾಕು."

"ಹಾಕಿದ್ರೆ ನಾನು ಒಳಗೆ ಹೋಗ್ತೇನೆ, ನೋಡಿ ಮತ್ತೆ." ಮಾತಿನ ನಡುವೆ ಅವರ ಹಲ್ಲು ತಾಳ ಹಾಕುತ್ತಿತ್ತು.

ಇಬ್ಬರ ನಡುವೆ ಸೌದೆ ಹಿಡಿದು ನಿಂತ ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಇಳಿದೆ. ಮಾಲೀಕನ ದನಿಯಲ್ಲಿ, "ಮದಾಮ್, ಬಾಗಿಲು ಮಾಫಿ! ಯಲ್ಲಾ, ನಡಿ ಒಲೆಗೆ!" ಎಂದೆ. ಅತ್ತೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಮಾವ ಅವರನ್ನು ಕುರ್ಚಿಸಮೇತ ಎತ್ತಿ ತಂದು ಒಲೆಯ ಎದುರು ಇಟ್ಟರು. ಅಷ್ಟು ಹಗುರಾಗಿದ್ದರು. ಆಮೇಲೆ ಸೆಕೆಯ ಮಾತನ್ನು ಯಾರೂ ಎತ್ತಲಿಲ್ಲ.

ಇನ್ನು ಮದ್ದು ಏರಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ಸಂಜೆ ಮಾವ ಬಿರುಕಿನ ಮದ್ದಳೆಯನ್ನೇ ತೊಡೆಯ ಮೇಲಿಟ್ಟುಕೊಂಡರು. ಬಾರಿಸಿದರು. ಧೀಂ ಎನ್ನಬೇಕಾದದ್ದು ಧೀ-ರ್‌ರ್ ಎಂದು ಗೊರಗುಟ್ಟಿತು, ನೆಗಡಿಯಾದ ಅಜ್ಜನ ಹಾಗೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು.

"ಅಪ್ಪನದ್ದೇ ನಾದ," ಎಂದರು.

ಅದು ಅಲ್ಲವೆಂದು ಮೂವರಿಗೂ ಗೊತ್ತಿತ್ತು.

ಅತ್ತೆ ಊರಿಗೆ ಹೋದದ್ದು ವಿಮಾನದ ಹೊಟ್ಟೆಯಲ್ಲಿ. ನಾನೂ ಮಾವನೂ ಮೇಲೆ ಸೀಟಿನಲ್ಲಿ ಕೂತಿದ್ದೆವು. ಗಗನಸಖಿ ಬಂದು ಊಟ ಸಸ್ಯಾಹಾರವೇ ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ಅವಳು ಅತ್ತ ತಿರುಗುವುದರೊಳಗೆ ಅವಳ ದನಿ ನನ್ನ ಬಾಯಲ್ಲಿರುತ್ತಿತ್ತು.

ಊರಿನಲ್ಲಿ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ದುಬೈಗೆ ಮರಳಿದಾಗ ಮಂಜು ಇನ್ನೂ ಇತ್ತು. ಮಾವ ಹಳೆಯ ಕರ್ಣವನ್ನು ಪೂರಾ ಕೆರೆದು ಹೊಸದು ಅರೆದರು. ಒಲೆಯಲ್ಲಿ ಎರಡೇ ಸೀಳು ಉರಿಸಿ, ಕೆಂಡದ ಮೇಲೆ ಬೂದಿ ಎಳೆದರು. ಪದರದ ಮೇಲೆ ಪದರ ಕೂತು ನಿಧಾನಕ್ಕೆ ಒಣಗಿತು. ಒಂದು ಕೂದಲಿನಷ್ಟೂ ಬಿರುಕು ಬರಲಿಲ್ಲ.

ಮಾವ ಬೆರಳು ಬಡಿದರು. ಧೀಂ. ತಗಡು, ಕಿಟಕಿ, ನನ್ನ ಎದೆಗೂಡು ಎಲ್ಲ ಒಮ್ಮೆ ಅದುರಿತು. ಅಜ್ಜನ ನಾದವೇ ಬಂದಿತ್ತು.

"ಇದಕ್ಕೆ ಇಷ್ಟೇ ಬೆಂಕಿ ಸಾಕಿತ್ತು ನೋಡು," ಎಂದರು. ಖಾಲಿ ಕುರ್ಚಿ ಒಲೆಯ ಎದುರೇ ಇತ್ತು. ಇಬ್ಬರೂ ಅದನ್ನು ಸರಿಸಿರಲಿಲ್ಲ. ಮತ್ತೊಮ್ಮೆ ಬಾರಿಸಲು ಎತ್ತಿದ ಕೈಯನ್ನು ಮಾವ ಹಾಗೇ ಕೆಳಗಿಳಿಸಿದರು.

"ಮಾಣಿ, ಅವಳು ಕೇಳಿದ್ದು ಇದಲ್ಲ ಅಲ್ವಾ. ಅದನ್ನು ಒಮ್ಮೆ ಮಾಡು."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗಂಟಲು ಸಡಿಲಿಸಿ, ಆ ಬಿರುಕನ್ನು ಹುಡುಕಿದೆ. ಧೀ-ರ್‌ರ್.

ಮಾವ ಕಣ್ಣು ಮುಚ್ಚಿಕೊಂಡೇ ಒಲೆಯ ಬಾಗಿಲು ತೆರೆದು ಒಂದು ದಪ್ಪ ತುಂಡು ಒಳಗೆ ತಳ್ಳಿದರು.

"ಇನ್ನೊಮ್ಮೆ," ಎಂದರು.