ಉಂಛವೃತ್ತಿಯ ಅಕ್ಕಿ

ನಮ್ಮಪ್ಪನಿಗೆ ಹಾಡೋಕೆ ಬರ್ತಿರಲಿಲ್ಲ. ಬಾಯಿ ತೆರೆದರೆ ಶ್ರುತಿ ಒಂದು ಕಡೆ, ಅಪ್ಪ ಒಂದು ಕಡೆ. ಆದರೆ ಹಾಡು ಕಟ್ಟಿದವರ ಕಥೆ ಮಾತ್ರ ಬಾಯಿಪಾಠ. ಯಾವ ವಾಗ್ಗೇಯಕಾರರು ಎಲ್ಲಿ ಹುಟ್ಟಿದರು, ಯಾವ ಕೃತಿಯನ್ನು ಎಂಥ ಸಂಕಟದಲ್ಲಿ ಕಟ್ಟಿದರು, ಎಲ್ಲ ಪುಸ್ತಕ ಓದಿ ಓದಿ ಬಂದದ್ದು. ಕೆ.ಆರ್. ಪುರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಮಾಸ್ತರು. ಹಲಸೂರಿನ ನಮ್ಮ ಭಜನಾ ಮಂಡಳಿಯಲ್ಲಿ ಮಾತ್ರ ಭಾರಿ ವಿದ್ವಾಂಸರು.

ಪ್ರತಿ ವರ್ಷ ಆರಾಧನೆಯ ದಿನ ತಂಜಾವೂರು ಸೀಮೆಯ ಆ ಮಹಾ ವಾಗ್ಗೇಯಕಾರರ ಜೀವನ ಹೇಳುವವರು ಅಪ್ಪನೇ. ನಡುನಡುವೆ ಮಂಡಳಿಯವರು ಅವರ ಕೃತಿ ಹಾಡೋರು. ಅದಕ್ಕೂ ಮೊದಲು ಬೆಳಿಗ್ಗೆ ಉಂಛವೃತ್ತಿ. ಅವರು ಮನೆಮನೆ ಮುಂದೆ ಹಾಡಿ, ಹಾಕಿದ ಅಕ್ಕಿಯಲ್ಲಿ ಬದುಕಿದವರಲ್ಲವೇ, ಹಾಗೇ ನಾವೂ ಹಾಡ್ತಾ ಬೀದಿ ಸುತ್ತಬೇಕು. ಆ ವಾಗ್ಗೇಯಕಾರರ ಪಾತ್ರ ಕಥೆ ಹೇಳುವವರದೇ, ಅಂದರೆ ಅಪ್ಪನದೇ. ಕಚ್ಚೆ ಪಂಚೆ, ಹೆಗಲಿಂದ ಇಳಿಬಿಟ್ಟ ಹಿತ್ತಾಳೆ ಚೊಂಬು. ಹಿಂದೆ ಶ್ರುತಿಪೆಟ್ಟಿಗೆ ಹಿಡಿದು ನಡೆಯೋದು ಪಿಯುಸಿ ಓದುತ್ತಿದ್ದ ನನ್ನ ಹಣೆಬರಹ. ಇಂದಿರಾನಗರದ ಗೆಳತಿಯರು ಯಾರಾದರೂ ಕಂಡುಬಿಟ್ಟಾರು ಅಂತ ತಲೆಯೇ ಎತ್ತುತ್ತಿರಲಿಲ್ಲ.

ಆ ವರ್ಷ ಬೇರೆ ಥರ. ದಸರಾ ಮುಗಿದಮೇಲೆ ಕಾರ್ಖಾನೆಗೆ ಬೀಗ ಬಿದ್ದಿತ್ತು. "ಮಂಡಳೀಲಿ ಯಾರ ಮುಂದೇನೂ ಬಾಯಿ ಬಿಡಬೇಡಿ" ಅಂತ ಅಪ್ಪನ ತಾಕೀತು. ಸಂಕ್ರಾಂತಿ ಹೊತ್ತಿಗೆ ಅಮ್ಮ ಅಕ್ಕಿ ಡಬ್ಬದ ತಳ ಕೆರೆಯೋಳು. ಅನ್ನ ಮಧ್ಯಾಹ್ನಕ್ಕೆ ಮಾತ್ರ, ರಾತ್ರಿ ಬರೀ ಗಂಜಿ. ಹಾಗಾಗಿ ಆ ಬೆಳಿಗ್ಗೆ ಹೆಂಗಸರು ಬಾಗಿಲಿಗೆ ಬಂದು ಚೊಂಬಿಗೆ ಅಕ್ಕಿ ಸುರಿದಾಗಲೆಲ್ಲ ನನ್ನ ಕಣ್ಣು ಅಲ್ಲೇ. ಥೂ, ನಾಟಕದ ಭಿಕ್ಷೆಗೆ ನಿಜವಾಗಿ ಆಸೆಪಡೋದಾ ಅಂತ ನನ್ನ ಮೇಲೇ ನನಗೆ ಹೇಸಿಗೆ ಆಯ್ತು.

ಆಮೇಲೆ ಅಪ್ಪ ಕಥೆಗೆ ಕೂತರು. ರಾಜ ಕಳಿಸಿದ ಕಾಣಿಕೆಯನ್ನು ಆ ಮಹಾನುಭಾವರು ವಾಪಸ್ಸು ಕಳಿಸಿದ ಪ್ರಸಂಗ ಬಂತು. ಎಲ್ಲರೂ ಆಹಾ ಅಂದರು. ಅಪ್ಪನ ದನಿ ಎಂದಿಗಿಂತ ಗಟ್ಟಿಯಾಗಿತ್ತು.

ಊಟಕ್ಕೆ ಎಲೆ ಹಾಕುವಾಗ ಮಂಡಳಿಯ ಹಿರಿಯರು ಬೀದಿಯಲ್ಲಿ ಬಂದ ಅಕ್ಕಿಯನ್ನೆಲ್ಲ ಒಂದು ಚೀಲಕ್ಕೆ ಹಾಕಿ ಅಪ್ಪನ ಮುಂದಿಟ್ಟರು. "ಫ್ಯಾಕ್ಟರಿ ವಿಷಯ ಗೊತ್ತಾಯ್ತು ಸಾರ್. ಇವತ್ತಿನ ಅಡುಗೆಗೆ ಬೇರೆ ಅಕ್ಕಿ ತರಿಸಿದೀವಿ. ಇದು ಮನೆಗೆ ತಗೊಂಡೋಗಿ, ಬೇಡ ಅನ್ಬೇಡಿ."

ಒಳ್ಳೇ ಮನುಷ್ಯರು, ಒಳ್ಳೇ ಮನಸ್ಸಿಂದಲೇ ಹೇಳಿದರು. ಆದರೆ ಎಲೆ ಮುಂದೆ ಕೂತವರೆಲ್ಲ ಮಾತು ನಿಲ್ಲಿಸಿ ನಮ್ಮನ್ನೇ ನೋಡಿದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅಪ್ಪನ ಕಿವಿ ಕೆಂಪಾಗಿತ್ತು. "ಆಗಲಿ" ಅಂದರು, ಚೀಲ ಎತ್ತಿ ಪಕ್ಕಕ್ಕಿಟ್ಟುಕೊಂಡರು.

ದಾರಿಯುದ್ದಕ್ಕೂ ನಾನು ಉರಿದುಬಿದ್ದೆ. "ಈಗ ತಾನೇ ರಾಜನ ಕಾಣಿಕೆ ಬೇಡ ಅಂದ್ರು ಅಂತ ಅಷ್ಟು ಜೋರಾಗಿ ಹೇಳಿದ್ರಿ. ನಿಮ್ಮ ಬಾಯಲ್ಲಿ ಒಂದು ಬೇಡ ಬರ್ಲಿಲ್ವಾ? ಮಾನ ಹೋಯ್ತಲ್ಲಪ್ಪಾ!"

ಅಪ್ಪ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿಕೊಂಡರು. "ಹೋಯ್ತು ಕಣಮ್ಮ" ಅಂದರು. ಸ್ವಲ್ಪ ದೂರ ಹೋದಮೇಲೆ, "ಆ ಕಾಣಿಕೆ ವಾಪಸ್ ಕಳಿಸಿದ್ರಲ್ಲ, ಅವತ್ತು ಅವರ ಹೆಂಡತಿ ಒಲೆ ಮೇಲೆ ಏನಿಟ್ರು ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಬರೆದಿಲ್ಲ. ಹುಡುಕಿದೀನಿ."

ನಾನು ಮುಖ ಊದಿಸಿಕೊಂಡೇ ಮನೆ ಸೇರಿದೆ. ಆ ಅಕ್ಕಿ ನಾನು ಮುಟ್ಟಲ್ಲ, ಉಪವಾಸ ಬೇಕಾದರೂ ಇರ್ತೀನಿ ಅಂತ ಅಮ್ಮನ ಮುಂದೆ ಕೂಗಾಡಿದೆ. ಅಮ್ಮ ಚೀಲ ಬಿಚ್ಚಿ ಅಕ್ಕಿಯನ್ನು ಡಬ್ಬಕ್ಕೆ ಸುರಿದಳು.

ಮಾರನೇ ದಿನ ಕಾಲೇಜಿಂದ ಬರುವಷ್ಟರಲ್ಲಿ ಅನ್ನ ಆಗಿತ್ತು. ಹತ್ತಾರು ಮನೆಯ ಅಕ್ಕಿ, ಸಣ್ಣದು, ದಪ್ಪದು, ಕುಸುಬಲಕ್ಕಿ, ರೇಷನ್ ಅಕ್ಕಿ, ಎಲ್ಲ ಒಟ್ಟಿಗೆ ಬೆಂದರೆ ಹೇಗಿರುತ್ತೆ? ಒಂದು ಅಗುಳು ಮುದ್ದೆ, ಇನ್ನೊಂದು ಬೇಯದೆ ಗಟ್ಟಿ. ತಟ್ಟೆ ನೋಡಿದವರಿಗೆ ಇದು ಬೇಡಿ ತಂದ ಅಕ್ಕಿ ಅಂತ ತಿಳಿಯದೆ ಇರಲ್ಲ. ನಾನು ಎದ್ದುಹೋಗಿ ಕಿಟಕಿ ಎಳೆದು ಚಿಲಕ ಹಾಕಿದೆ.

ಕೂತು ಉಂಡೆ. ಸಾರು ಬಿಸಿಯಾಗಿತ್ತು, ಹೊಟ್ಟೆ ಹಸಿದಿತ್ತು. ತಟ್ಟೆ ಖಾಲಿಯಾದಾಗ ಅಮ್ಮನ ಮುಖ ನೋಡದೆ ಮುಂದಕ್ಕೆ ತಳ್ಳಿ, ಇನ್ನೊಂದು ಚೂರು ಹಾಕಮ್ಮ ಅಂದೆ.