ಹೊಲದಲ್ಲಿ ಮೂರು ಹಂದಿ

ನನ್ನ ಭಾವ ಡೆಲ್ವಿನ್ ಕುಬೇನಾ ಅವರಿಗೆ ಈಗ ಎಪ್ಪತ್ತಮೂರು. ಅವರನ್ನು ಹಗಲು ಹೊತ್ತಿನಲ್ಲಿ ಮಾತ್ರ ನೋಡಿದವರು, ಲವಾಕಾ ಹೊಳೆಯ ಈಚೆ ದಂಡೆಯಲ್ಲಿ ಇಷ್ಟು ಸೋಮಾರಿ ಮನುಷ್ಯ ಇನ್ನೊಬ್ಬನಿಲ್ಲ ಎಂದು ಆಣೆ ಮಾಡಿ ಹೇಳುತ್ತಾರೆ. ಊಟವಾದ ಕೂಡಲೇ ಕುರ್ಚಿ, ಗೊರಕೆ. ನಾಲ್ಕಕ್ಕೆ ಎದ್ದು ಕಾಫಿ, ಗಸಗಸೆ ಹೂರಣ ತುಂಬಿದ ಕೊಲಾಚೆ ಬನ್ನು ಎರಡು, ಮತ್ತೆ ಕುರ್ಚಿ. ನನ್ನ ಅಕ್ಕ ಜಾರ್ಜಿನ್ ಪೊರಕೆ ಹಿಡಿದುಕೊಂಡು ಕಾಲಡಿ ಗುಡಿಸಲು ಬಂದರೆ ಕಾಲೆತ್ತುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಅಕ್ಕನೇ ಒಂದೊಂದಾಗಿ ಎತ್ತಿ ಪಕ್ಕಕ್ಕಿಡಬೇಕು. ಆದರೆ ಕತ್ತಲಾದ ಮೇಲೆ ಯಾರದಾದರೂ ಫೋನ್ ಬಂದು "ಹಂದಿ ಇಳಿದಿವೆ" ಎನ್ನಲಿ, ಇದೇ ಮನುಷ್ಯ ಬೂಟು ಏರಿಸಿ ಬಂದೂಕು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿರುತ್ತಾರೆ. ನಾನು ಟ್ರಕ್ಕಿನ ಬೀಗದ ಕೈ ಹುಡುಕುವಷ್ಟರಲ್ಲಿ ಎರಡು ಸಲ ಬೈದೂ ಆಗಿರುತ್ತದೆ.

ನಮ್ಮ ಕಡೆ ಕಾಡುಹಂದಿ ಎಂದರೆ ತಮಾಷೆಯಲ್ಲ. ಮಾರ್ಚಿನಲ್ಲಿ ಮೆಕ್ಕೆಜೋಳ ಬಿತ್ತಿದ ರಾತ್ರಿಯೇ ಹೊಳೆಯ ಪೊದೆಗಳಿಂದ ಹೊರಟು ಬರುತ್ತವೆ. ಸಾಲಿನ ಒಂದು ತುದಿಗೆ ಮೂತಿ ಇಟ್ಟರೆ ಇನ್ನೊಂದು ತುದಿಯವರೆಗೆ ಕಾಳು ಕಾಳನ್ನೂ ಆರಿಸಿ ತಿಂದು, ಪಕ್ಕದ ಸಾಲಿಗೆ ತಿರುಗಿಕೊಳ್ಳುತ್ತವೆ. ಬಿತ್ತುವ ಯಂತ್ರ ಕೂಡ ಅಷ್ಟು ನೇರವಾಗಿ ಹೋಗುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹೊಲದಲ್ಲಿ ಉಳಿದಿರುವುದು ತೋಡಿದ ಗುಂಡಿಗಳು ಮಾತ್ರ.

ಭಾವ ಈ ಕೆಲಸಕ್ಕೆ ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. ಸುತ್ತಿನ ಇಪ್ಪತ್ತು ಹೊಲದವರು ಗೇಟಿನ ಬೀಗ ತೆರೆಯುವ ಗುಟ್ಟಿನ ಅಂಕಿಯನ್ನು ಅವರಿಗೆ ಹೇಳಿಟ್ಟಿದ್ದಾರೆ, ಅದೇ ಅವರ ಜಂಬ. ನಾನು ಇಪ್ಪತ್ತಾರು ವರ್ಷ ಇದೇ ಹಳ್ಳಿದಾರಿಗಳಲ್ಲಿ ಟಪಾಲು ಹಂಚಿದವಳು. ನಿವೃತ್ತಿಯಾದ ವಾರವೇ ಭಾವ ಬಂದು, "ಲಿಲ್ಲಿ, ಕತ್ತಲಲ್ಲಿ ದೀಪ ಹಾಕದೆ ಟ್ರಕ್ ಓಡಿಸೋಕೆ ಬರುತ್ತಾ?" ಎಂದು ಕೇಳಿದರು. ಅವತ್ತಿನಿಂದ ಅವರ ಜೊತೆಗಾರ್ತಿ ನಾನೇ. ಗೇಟಿನ ಹತ್ತಿರ ಟ್ರಕ್ ಬಿಟ್ಟು, ಗಾಳಿ ಮುಖಕ್ಕೆ ಬೀಸುವ ಕಡೆಯಿಂದ, ಕಾಲಡಿ ಕಡ್ಡಿ ಮುರಿಯದಂತೆ ನಡೆದು ಹೋಗುತ್ತೇವೆ. ಅವರ ಹತ್ತಿರ, ಕತ್ತಲಲ್ಲೂ ಮೈಬಿಸಿ ತೋರಿಸುವ ಥರ್ಮಲ್ ಗಾಜು ಕೂರಿಸಿದ ಬಂದೂಕು ಮತ್ತು ಅದನ್ನು ನಿಲ್ಲಿಸುವ ಮುಕ್ಕಾಲಿ. ನನ್ನ ಕೈಯಲ್ಲಿ ಇನ್ನೊಂದು ಚಿಕ್ಕ ಥರ್ಮಲ್ ದುರ್ಬೀನು.

ಆ ಗಾಜಿನಲ್ಲಿ ಬಣ್ಣವಿಲ್ಲ, ಬಟ್ಟೆಯಿಲ್ಲ, ಮುಖವಿಲ್ಲ. ಬೆಚ್ಚಗಿರುವುದೆಲ್ಲ ಬಿಳಿ, ತಣ್ಣಗಿರುವುದೆಲ್ಲ ಕಪ್ಪು. ದೂರದ ಅಂದಾಜೂ ಸಿಗುವುದಿಲ್ಲ. ಇಪ್ಪತ್ತು ಹೆಜ್ಜೆಯಲ್ಲಿರುವ ಬೆಕ್ಕಿನ ಗಾತ್ರದ ಚಿಪ್ಪುಹಂದಿ ಇನ್ನೂರು ಹೆಜ್ಜೆಯಲ್ಲಿರುವ ಕಾಡುಹಂದಿಯಂತೆ ಕಾಣುತ್ತದೆ. ಥರ್ಮಲ್ ತಂದ ಮೊದಲ ವರ್ಷ ಭಾವ ನೆರೆಯ ಮಿಲ್ಟನ್ ಯಾನಾಕನ ಹೊಲದಲ್ಲಿ ಒಂದು ದಪ್ಪ ಗಂಡು ಹಂದಿಯನ್ನು ಕಂಡರು. ನಾನೂ ಕಂಡೆ. ದುಂಡನೆಯ ಬೆನ್ನು, ತಲೆ ನೆಲಕ್ಕೆ, ನೆಲ ಕೆದಕುತ್ತಿದೆ. "ಹಂದಿ" ಎಂದೆ ನಾನು. "ಹಂದಿ" ಎಂದರು ಅವರು. ಬೆರಳು ಬಂದೂಕಿನ ಕುದುರೆಯ ಮೇಲೆ ಹೋಗುವಷ್ಟರಲ್ಲಿ ಹಂದಿ ಎರಡು ಕಾಲ ಮೇಲೆ ಎದ್ದು ನಿಂತು, ಸೊಂಟ ಹಿಡಿದುಕೊಂಡು, ಸಿಗರೇಟು ಹಚ್ಚಿತು. ಮಿಲ್ಟನ್ ನೀರಿನ ತೊಟ್ಟಿಯ ಪೈಪು ಸೋರುತ್ತಿದೆ ಎಂದು ಮಂಡಿಯೂರಿ ಕೂತು ಮಣ್ಣು ತೋಡುತ್ತಿದ್ದ, ಪುಣ್ಯಾತ್ಮ.

ಭಾವ ಆ ರಾತ್ರಿ ಬಂದೂಕಿನ ಗುಂಡನ್ನೆಲ್ಲ ತೆಗೆದು ಟ್ರಕ್ಕಿನ ಹಿಂದಕ್ಕೆ ಹಾಕಿದರು. ಮರುದಿನ ಮಿಲ್ಟನ್‌ನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದರು. ಮಿಲ್ಟನ್ ಮುಖ ಬಿಳಚಿಕೊಂಡು, ಆಮೇಲೆ, "ನನ್ನ ಹೆಂಡತಿ ಮೂವತ್ತು ವರ್ಷದಿಂದ ಅದನ್ನೇ ಹೇಳ್ತಿದ್ದಾಳೆ ಕಣಯ್ಯಾ, ನೀನೊಬ್ಬ ಬಾಕಿ ಇದ್ದೆ" ಎಂದ.

ಅವತ್ತಿನಿಂದ ಭಾವ ಒಂದು ಕಟ್ಟಳೆ ಮಾಡಿದರು. ಬಂದೂಕು ಹಿಡಿದವನೇ ಮೊದಲು ಹೇಳಬೇಕು: ಏನು, ಎಷ್ಟು, ಹಿಂದೆ ಏನಿದೆ. ಜೊತೆಗಿದ್ದವರು ಆಮೇಲೆ ಹೇಳಬೇಕು. ಎರಡೂ ತಾಳೆಯಾದರೆ ಮಾತ್ರ ಗುಂಡು. "ನೀನು ಮೊದಲು ಹಂದಿ ಅಂದ್ಬಿಟ್ರೆ ನನ್ನ ಕಣ್ಣಿಗೂ ಹಂದಿನೇ ಕಾಣ್ಸುತ್ತೆ ಲಿಲ್ಲಿ. ಕಿವಿ ಕಣ್ಣಿಗೆ ಲಂಚ ಕೊಡುತ್ತೆ" ಎನ್ನುತ್ತಿದ್ದರು. ಒಂಬತ್ತು ವರ್ಷ ಈ ಕಟ್ಟಳೆ ಒಮ್ಮೆಯೂ ತಪ್ಪಲಿಲ್ಲ. ಎದುರಿಗೆ ಹದಿನೈದು ಹಂದಿ ಬೆಣ್ಣೆಮುದ್ದೆಯ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದರೂ ಅವರು ಪಾಠ ಒಪ್ಪಿಸಿಯೇ ಒಪ್ಪಿಸುತ್ತಿದ್ದರು.

ಈ ವರ್ಷ ಫೆಬ್ರವರಿ ಕೊನೆಗೆ, ಒಂದು ರಾತ್ರಿ ಮುಕ್ಕಾಲಿಯ ಮೇಲೆ ಬಂದೂಕು ಇಟ್ಟು, ಕಣ್ಣು ಗಾಜಿಗೆ ಹಚ್ಚಿ, ಭಾವ ಸುಮ್ಮನೆ ನಿಂತರು. ನಾನು ಕಾದೆ.

"ಇವತ್ತು ಮೊದಲು ನೀನು ಹೇಳು" ಎಂದರು.

"ಯಾಕೆ?"

"ಒಂದೇ ಥರ ಮಾಡಿ ಮಾಡಿ ಬೇಜಾರು."

ನಾನು ಹೇಳಿದೆ: ಹಂದಿ, ನಾಲ್ಕು, ಹಿಂದೆ ಹೊಳೆಯ ದಿಬ್ಬ. "ಸರಿ, ನಾಲ್ಕು" ಎಂದರು. ಆದರೆ ಗುಂಡು ಹೊಡೆಯಲಿಲ್ಲ. ಗಾಳಿ ತಿರುಗಿತು ಎಂದರು. ನನ್ನ ಕೆನ್ನೆಗೇನೋ ಗಾಳಿ ಮೊದಲಿನಂತೆಯೇ ತಾಗುತ್ತಿತ್ತು. ಅದಾದ ಮೇಲೆ ಪ್ರತಿ ಸಲವೂ ಮೊದಲು ನಾನೇ. ಪ್ರತಿ ಸಲವೂ ಒಂದೊಂದು ನೆಪ: ಹಿಂದೆ ರಸ್ತೆ ಇದೆ, ಜೊತೆಗೆ ದನ ಇವೆ, ಮಂಡಿ ಹಿಡಿದಿದೆ. ನಾಲ್ಕು ವಾರದಲ್ಲಿ ಒಂದು ಹಂದಿಯೂ ಬೀಳಲಿಲ್ಲ. ಮಿಲ್ಟನ್ ಬಿತ್ತಿದ ಜೋಳ ಪೂರ್ತಿ ಹೋಯಿತು. ಪಾಪ, ಎರಡನೆಯ ಸಲ ಬಿತ್ತಿದ.

ಭಾನುವಾರ ಚರ್ಚಿನಿಂದ ಹೊರಬಂದು ಎಲ್ಲರೂ ಸಭಾಮನೆಯಲ್ಲಿ ಡಾಮಿನೋ ಆಡುವಾಗ ಮಿಲ್ಟನ್ ಕೆಣಕಿದ: "ಏನಯ್ಯಾ ಡೆಲ್ವಿನ್, ಹಂದಿಗಳ ಜೊತೆ ರಾಜಿ ಮಾಡ್ಕೊಂಡ್ಯಾ? ನನ್ನ ಜೋಳದಲ್ಲಿ ನಿನಗೆಷ್ಟು ಪಾಲು?"

ಎಲ್ಲರೂ ನಕ್ಕರು. ಭಾವನೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅವರ ಕೈ ನೋಡುತ್ತಿದ್ದೆ. ಡಾಮಿನೋ ಬಿಲ್ಲೆಯನ್ನು ಇಡುವ ಮೊದಲು ಹೆಬ್ಬೆರಳಿನಿಂದ ಅದರ ಚುಕ್ಕಿಗಳನ್ನು ಒಂದೊಂದಾಗಿ ಸವರುತ್ತಿದ್ದರು. ಕಣ್ಣಿದ್ದವರು ಯಾರೂ ಹಾಗೆ ಆಡುವುದಿಲ್ಲ.

ನನಗೆ ಸಿಟ್ಟು ಬಂತು. ಕಣ್ಣು ಕಾಣದ ಮನುಷ್ಯ ಗುಂಡು ತುಂಬಿದ ಬಂದೂಕು ಹಿಡಿದು ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದಾನೆ, ಅದೂ ಮಿಲ್ಟನ್ ಪೈಪು ರಿಪೇರಿ ಮಾಡುವ ಹೊಲದಲ್ಲಿ. ಅಕ್ಕನಿಗೆ ಹೇಳಿಬಿಡೋಣ ಎಂದುಕೊಂಡೆ. ಹೇಳಿದರೆ ಆಗುವುದು ಗೊತ್ತಿತ್ತು: ಬಂದೂಕು ಬೀರುವಿಗೆ, ಭಾವ ಕುರ್ಚಿಗೆ. ಈ ಮನುಷ್ಯ ಆ ಕುರ್ಚಿಯಿಂದ ಏಳುವುದು ಒಂದೇ ಕಾರಣಕ್ಕೆ. ಅದನ್ನೂ ಕಿತ್ತುಕೊಂಡರೆ ಇನ್ನು ಏಳುವುದೇ ಇಲ್ಲ. ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದು ನಿರ್ಧರಿಸಿದೆ.

ಮಂಗಳವಾರ ಮಿಲ್ಟನ್‌ನ ಹೊಲಕ್ಕೆ ಹೋದೆವು. ಭಾವ ಗೇಟಿನ ಬೀಗ ತಡಕುತ್ತಿದ್ದಾಗ ನಾನು ಬಂದೂಕಿನಿಂದ ಗುಂಡಿನ ಡಬ್ಬಿ ಕಳಚಿ, ಒಳಗೊಂದೂ ಗುಂಡು ಉಳಿದಿಲ್ಲವೆಂದು ನೋಡಿ, ಡಬ್ಬಿಯನ್ನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಆಮೇಲೆ ಬಂದೂಕು ಅವರ ಕೈಗೆ ಕೊಟ್ಟೆ. ಚಳಿ ಜೋರಾಗಿತ್ತು. ಬೇಲಿಯ ಪಕ್ಕ ನಡೆದು, ಹೊಲದ ಮಧ್ಯಕ್ಕೆ ಮುಖ ಮಾಡಿ ಮುಕ್ಕಾಲಿ ನಿಲ್ಲಿಸಿದೆವು. ನನ್ನ ದುರ್ಬೀನಿನಲ್ಲಿ ಹೊಲ ಉದ್ದಕ್ಕೂ ಕಪ್ಪಗಿತ್ತು. ಒಂದು ಮೊಲ ಕೂಡ ಇರಲಿಲ್ಲ.

"ಹೇಳು" ಎಂದರು.

"ಹಂದಿ. ಮೂರು. ಹಿಂದೆ ಬರೀ ದಿಬ್ಬ" ಎಂದೆ.

ಭಾವ ಬಹಳ ಹೊತ್ತು ಗಾಜಿಗೆ ಕಣ್ಣು ಹಚ್ಚಿಕೊಂಡೇ ಇದ್ದರು.

"ಹೌದು, ಮೂರು" ಎಂದರು.

ಅಷ್ಟು ಅಳು ನನಗೆ ನನ್ನ ಗಂಡ ತೀರಿಕೊಂಡ ಮೇಲೆ ಬಂದಿರಲಿಲ್ಲ. ಒಂಬತ್ತು ವರ್ಷ ನಾನು ಇವರ ಒಂದು ಮಾತಿನ ಮೇಲೆ ಕತ್ತಲಲ್ಲಿ ಹೆಜ್ಜೆ ಇಟ್ಟಿದ್ದೆ.

"ಭಾವ, ಹೊಲ ಖಾಲಿ ಇದೆ" ಎಂದೆ.

"ನಂಗೊತ್ತು."

"ಏನು ಗೊತ್ತು? ನಿಮಗೆ ಏನೂ ಕಾಣ್ತಿಲ್ಲ!"

"ಕಾಣಲ್ಲ. ಬಿಳಿ ಬಿಳಿ ಹೊಗೆ ಥರ, ನಡುವೆ ಒಂದು ತೂತು. ಆದ್ರೆ ಹಂದಿ ಇದ್ರೆ ಸದ್ದು ಬರುತ್ತಲ್ಲ. ಇಷ್ಟೊತ್ತಾದ್ರೂ ಒಂದು ಗುಟುರು ಇಲ್ಲ, ವಾಸನೆ ಇಲ್ಲ. ನೀನು ಸುಳ್ಳು ಹೇಳ್ತಿದ್ದೀಯ ಅಂತ ಗೊತ್ತಾಯ್ತು." ಬಂದೂಕನ್ನು ಮುಕ್ಕಾಲಿಯಿಂದ ಎತ್ತಿ ಕೈಯಲ್ಲಿ ತೂಗಿದರು. "ಗುಂಡಿನ ಡಬ್ಬಿ ನಿನ್ನ ಜೇಬಲ್ಲಿದೆ ಅನ್ನೋದೂ ಗೊತ್ತು. ಇದನ್ನ ಹೊತ್ತೂ ಹೊತ್ತೂ ನನ್ನ ಹೆಗಲಿಗೆ ತೂಕ ಗೊತ್ತಾಗಲ್ವಾ, ಹುಡುಗಿ?"

ನನಗೆ ಅರವತ್ತೊಂದು. ನನ್ನನ್ನು ಹುಡುಗಿ ಎನ್ನುವವರು ಪ್ರಪಂಚದಲ್ಲಿ ಇವರೊಬ್ಬರೇ ಉಳಿದಿದ್ದಾರೆ.

"ಮತ್ತೆ ಯಾಕೆ ಮೂರು ಅಂದ್ರಿ? ನನ್ನನ್ನ ಕುರಿ ಮಾಡೋಕಾ?"

"ನಾನಾಗೇ ಹೇಳೋಕೆ ಬಾಯಿ ಬರಲಿಲ್ಲ ಲಿಲ್ಲಿ. ನಾಲ್ಕು ವಾರ ಪ್ರಯತ್ನ ಪಟ್ಟೆ. ಸಿಕ್ಕಿಬಿದ್ರೆ ಹೇಳೋ ಕಷ್ಟ ತಪ್ಪುತ್ತೆ ಅನ್ನಿಸ್ತು."

ಆಗ ನನಗೆ ಆ ನಾಲ್ಕು ವಾರದ ನೆಪಗಳೆಲ್ಲ ಅರ್ಥವಾದವು. ಕಾಣುತ್ತದೆ ಎಂದು ನನ್ನೆದುರು ನಟಿಸಿದ್ದರು, ನಿಜ. ಆದರೆ ಕಾಣದೆ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಮಿಲ್ಟನ್‌ನ ಜೋಳ ಹೋಗಲಿ, ಊರವರು ನಗಲಿ, ಕುದುರೆಯ ಮೇಲೆ ಬೆರಳು ಇಡಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರನ್ನು ತಬ್ಬಿಕೊಂಡು ಮೂಗು ಒರೆಸಿಕೊಂಡೆ, ಅದೂ ಅವರ ಅಂಗಿಗೆ.

"ಶ್!" ಎಂದರು ತಟ್ಟನೆ. "ಈಗ ಬಂದ್ವು. ನಿಜವಾದವು. ದಿಬ್ಬದ ಆಚೆ. ಐದೋ ಆರೋ, ಒಂದು ತಾಯಿ, ಉಳಿದವು ಬಲಿತ ಮರಿಗಳು."

ನನ್ನ ದುರ್ಬೀನಿನಲ್ಲಿ ಏನೂ ಇರಲಿಲ್ಲ. ನಿಮಿಷ ಕಳೆದ ಮೇಲೆ ದಿಬ್ಬದ ಅಂಚಿನಲ್ಲಿ ಬಿಳಿ ಬೆನ್ನುಗಳು ಒಂದರ ಹಿಂದೆ ಒಂದು ಏರಿ ಬಂದವು. ಎಣಿಸಿದೆ. ಆರು.

"ನೀನು ಹೊಡಿ" ಎಂದು ಬಂದೂಕು ನನ್ನತ್ತ ತಳ್ಳಿದರು. ನಾನು ಬೇಡ ಎಂದೆ, ಅವರು ಹೊಡಿ ಎಂದರು, ಹಂದಿಗಳು ಇಷ್ಟರಲ್ಲಿ ಮೊದಲ ಸಾಲಿಗೆ ಮೂತಿ ಹಚ್ಚಿಯಾಗಿತ್ತು. ಕೊನೆಗೆ ಡಬ್ಬಿ ತುರುಕಿ, ದಿಬ್ಬದ ಮಣ್ಣೇ ಹಿಂದಿರುವ ಹಾಗೆ ಅವು ನಿಲ್ಲುವವರೆಗೆ ಕಾದು, ಏನು ಎಷ್ಟು ಎಲ್ಲ ಒಪ್ಪಿಸಿ, ಅವರು ಕಿವಿಗೊಟ್ಟು ಕೇಳಿ ಹೂಂ ಎಂದ ಮೇಲೆ, ದೊಡ್ಡ ತಾಯಿಹಂದಿಗೆ ಗುರಿಯಿಟ್ಟು ಹೊಡೆದೆ. ಗುಂಡು ಮಣ್ಣಿಗೆ ಬಿತ್ತು. ಆರೂ ಹಂದಿ ದಿಬ್ಬ ಹಾರಿ ಹೊಳೆಗೆ ಬಿದ್ದು ಓಡಿದವು.

ಭಾವ ನಕ್ಕ ನಗು! ಮುಕ್ಕಾಲಿ ಹಿಡಿದುಕೊಂಡು, ಕೆಮ್ಮಿಕೊಂಡು, ಕೊನೆಗೆ ನೆಲಕ್ಕೇ ಕೂತರು. "ಕುರುಡನೇ ವಾಸಿ" ಎಂದರು.

ಮನೆಗೆ ಬಂದಾಗ ಅಕ್ಕ ಅಡಿಗೆಮನೆಯಲ್ಲಿ ಎಚ್ಚರವಿದ್ದು ಕಾಫಿ ಬಿಸಿ ಮಾಡುತ್ತಿದ್ದಳು. ಭಾವ ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದರು: "ಜಾರ್ಜಿನ್, ನನಗೆ ನಿನ್ನ ಮುಖ ಕಾಣ್ತಿಲ್ಲ. ತಿಂಗಳ ಮೇಲಾಯ್ತು."

ಅಕ್ಕ ಒಲೆ ಆರಿಸಿದಳು. "ಹಾಗಾದ್ರೆ ಹೋದ ವಾರ ಕೂದಲು ಕತ್ತರಿಸ್ಕೊಂಡು ಬಂದಾಗ, ಚೆನ್ನಾಗಿ ಕಾಣ್ತೀಯ ಅಂದಿದ್ದು?"

"ಲಿಲ್ಲಿ ಅಂದಿದ್ದು ಕೇಳಿಸ್ಕೊಂಡೆ. ಚೆನ್ನಾಗೇ ಇರುತ್ತೆ ಅಂತ ನಂಬಿ ಹೇಳಿದೆ."

ಅಕ್ಕ ಲೋಟಕ್ಕೆ ಕಾಫಿ ಬಗ್ಗಿಸಿ ಅವರ ಎರಡೂ ಕೈಯಲ್ಲಿಟ್ಟಳು, ಅವರ ಬೆರಳುಗಳ ಮೇಲೆ ತನ್ನ ಬೆರಳು ಒತ್ತಿ ಹಿಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ಅದು ಗೊತ್ತಾಗದಂತೆ ನೋಡಿಕೊಂಡಳು.

"ನಾಳೆ ಬೆಳಿಗ್ಗೆ ಕಣ್ಣಿನ ಡಾಕ್ಟ್ರ ಹತ್ರ. ಬಂದೂಕು ಇನ್ಮೇಲೆ ಲಿಲ್ಲಿ ಹತ್ರ ಇರಲಿ" ಎಂದಳು. ಭಾವ ತಲೆ ತಗ್ಗಿಸಿದರು. ಅಕ್ಕ ಅವರ ಅಂಗಿಯ ಗುಂಡಿಯನ್ನು ಕೊರಳವರೆಗೆ ಹಾಕಿದಳು. "ನಾಳೆ ರಾತ್ರಿ ಅವಳ ಜೊತೆ ಹೋಗೋವಾಗ ದಪ್ಪ ಕೋಟು ಹಾಕ್ಕೊಂಡು ಹೋಗಿ. ನಡುಗ್ತಾ ಇದ್ದೀರ."